ಹಿಟ್ಟಕ್ಕನ ಕೈಗುಣ

ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ಯಾರೂ ಸ್ವಂತ ಹೆಸರಿನಿಂದ ಕರೆಯಲಿಲ್ಲ. ಎಲ್ಲರಿಗೂ ಅವಳು ಹಿಟ್ಟಕ್ಕ. ನಾದುವ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಯಂತ್ರ ನಾದಿದ್ದನ್ನು ಕೊನೆಗೆ ಅವಳ ಕೈ ಒಪ್ಪಬೇಕಿತ್ತು. ಅಗಲವಾದ ಅಂಗೈ, ಮೊಂಡು ಬೆರಳು, ಬೆಣ್ಣೆ ತಾಗಿ ತಾಗಿ ಎಳೆಮಗುವಿನ ಕೆನ್ನೆಯಂತಾದ ಚರ್ಮ. ಆತುರ ಎನ್ನುವುದೇ ಆ ಕೈಗೆ ಗೊತ್ತಿರಲಿಲ್ಲ.

ಬೇಕರಿಯ ಮೇಲಿನ ಮಹಡಿಯಲ್ಲಿ ಅಕ್ಕ, ಅಕ್ಕನ ಮಗಳು ಗುಬ್ಬಿ ಮತ್ತು ಅವಳು, ಮೂವರ ಸಂಸಾರ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವಳನ್ನು ಅಕ್ಕನೇ ಹೊಲಿಗೆ ಯಂತ್ರ ತುಳಿದು ಸಾಕಿದ್ದಳು. ಅಕ್ಕ ಹಾಕಿದ ಗೆರೆಯನ್ನು ಹಿಟ್ಟಕ್ಕ ಒಮ್ಮೆಯೂ ದಾಟಿದವಳಲ್ಲ. ಅಕ್ಕನಿಗೆ ಆಸ್ಪತ್ರೆ ಎಂದರೆ ಆಗುತ್ತಿರಲಿಲ್ಲ. ಭಾವ ತನ್ನ ಕಾಲ ಮೇಲೆ ನಡೆದುಕೊಂಡು ಒಳಗೆ ಹೋಗಿದ್ದ. ಹೊರಗೆ ಬಂದದ್ದು ನಾಲ್ಕು ಜನರ ಹೆಗಲ ಮೇಲೆ. "ಅಲ್ಲಿ ಹೋದೋರು ವಾಪಸ್ ಬರಲ್ಲ" ಎಂಬುದು ಅಂದಿನಿಂದ ಅಕ್ಕ ಬಿಡದೆ ಹೇಳುವ ಮಾತು.

ಸಿನಿಮಾದವರು ಹಿಟ್ಟಕ್ಕನ ಕೈ ಕಂಡದ್ದು ಬನ್ನು ಕೊಳ್ಳಲು ಬಂದಾಗ. ಮುಟ್ಟಿದರೆ ಕಾಯಿಲೆ ವಾಸಿಯಾಗುವ ವರ ಪಡೆದ ಹೆಂಗಸೊಬ್ಬಳ ಕಥೆಯನ್ನು ಅವರು ಚಿತ್ರ ಮಾಡುತ್ತಿದ್ದರು. ನಾಯಕಿ ಅಳುವುದರಲ್ಲಿ ನಿಸ್ಸೀಮಳೇ, ಆದರೆ ಅವಳ ಕೈ ನಿರ್ದೇಶಕನಿಗೆ ಹಿಡಿಸಿರಲಿಲ್ಲ. "ಇದು ಹೂವು ಹಿಡಿಯೋ ಕೈ ಕಣಮ್ಮ. ನನಗೆ ನೋವು ಹಿಡಿಯೋ ಕೈ ಬೇಕು" ಎಂದು ಆತ ಗೊಣಗಿದ್ದನಂತೆ. ಹಾಗಾಗಿ ಮುಖ ನಾಯಕಿಯದು, ಕೈ ಹಿಟ್ಟಕ್ಕನದು ಎಂದಾಯಿತು. ಉರಿಯುವ ದೀಪಗಳ ಕೆಳಗೆ ನಿಂತು ಅವಳು ಯಾರದೋ ಹಣೆ, ಯಾರದೋ ಎದೆ ಮುಟ್ಟಿದಳು. ಸತ್ತಂತೆ ಬಿದ್ದಿದ್ದವರು ಮುಟ್ಟಿದ ಕೂಡಲೇ ಕಣ್ಣು ಬಿಟ್ಟು ಎದ್ದು ಕೂರುತ್ತಿದ್ದರು. ಅವಳಿಗೆ ನಗು ತಡೆಯುವುದೇ ದೊಡ್ಡ ಕಷ್ಟವಾಗಿತ್ತು.

ಚಿತ್ರ ಓಡಿದ್ದೇ ಓಡಿದ್ದು. ಥಿಯೇಟರಿನಲ್ಲಿ ಆ ಕೈ ತೆರೆಯ ತುಂಬ ಬಂದಾಗಲೆಲ್ಲ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಮೇಕಪ್ಪಿನ ಹೆಂಗಸು ಟೀವಿಯಲ್ಲಿ ಬಾಯಿಬಿಟ್ಟಳು, "ಅದು ನಾಯಕಿ ಕೈ ಅಲ್ಲ, ಬೇಕರಿಯವಳದು." ಅಷ್ಟು ಸಾಕಾಯಿತು. ಬೇಕರಿ ಯಜಮಾನ ಆ ಕೈಯ ಪೋಸ್ಟರನ್ನು ಗಾಜಿನ ಬಾಗಿಲಿಗೆ ಅಂಟಿಸಿದ. ಬ್ರೆಡ್ ಕೊಳ್ಳುವ ನೆಪದಲ್ಲಿ ಜನ ಒಳಗೆ ಇಣುಕಿದರು, ಆಮೇಲೆ ನೆಪವನ್ನೂ ಬಿಟ್ಟರು.

"ಅಯ್ಯೋ, ಅದು ಸಿನಿಮಾ ರೀ. ನಾನು ಹಿಟ್ಟು ಕಲಸೋಳು" ಎಂದು ಅವಳು ಹೇಳಿದಷ್ಟೂ ಅವರಿಗೆ ನಂಬಿಕೆ ಬೆಳೆಯಿತು. ನಿಜವಾದವರು ಹಾಗೇ ಅಲ್ಲವೇ ಹೇಳುವುದು! ಭುಜ ಹಿಡಿದುಕೊಂಡಿದ್ದ ಮುದಿ ಬಡಗಿಯೊಬ್ಬ ಜಗ್ಗದೆ ಕೂತಾಗ, ಹಿಟ್ಟು ನಾದಿದ ಹಾಗೆ ಅವನ ಭುಜ ನಾದಿ ಕಳಿಸಿದಳು. ಮರುದಿನ ಅವನು ಕೈಯನ್ನು ತಲೆಯ ಮೇಲೆತ್ತಿ ಬೀದಿಗೆಲ್ಲ ತೋರಿಸಿದ.

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು ಅಷ್ಟೆ" ಎಂದಳು ಅವಳು.

"ಕೊಂಬೆ ಮುರಿದಿದ್ದಂತೂ ನಿಜ ತಾನೇ?" ಎಂದಳು ಅಕ್ಕ. ಆವತ್ತಿನಿಂದ ಅಕ್ಕ ತಂಗಿಯನ್ನು ನೋಡುವ ನೋಟವೇ ಬೇರೆಯಾಯಿತು. ಆ ನೋಟ ಬಿದ್ದಾಗಲೆಲ್ಲ ಹಿಟ್ಟಕ್ಕ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಗುಬ್ಬಿಗೆ ಹೊಟ್ಟೆನೋವು ಬಂದದ್ದು ಬೇಕರಿಯಲ್ಲಿ ಕೈತುಂಬ ಕೆಲಸವಿದ್ದ ದಿನ. "ಏನೋ ತಿಂದಿದಾಳೆ, ಹೋಗುತ್ತೆ" ಎಂದಿದ್ದಳು ಅಕ್ಕ. ಮರುದಿನ ಮಧ್ಯಾಹ್ನ ಅಕ್ಕನೇ ಬೇಕರಿಯ ಹಿಂಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಲೆ ಬಾ."

ಹಿಟ್ಟಕ್ಕ ಕೈ ಕೂಡ ತೊಳೆಯದೆ ಮೆಟ್ಟಿಲು ಹತ್ತಿದಳು. ಹುಡುಗಿ ಮಂಡಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿತ್ತು. ಮೈ ಕೆಂಡ. ಬಲಗಡೆಯ ಕಿಬ್ಬೊಟ್ಟೆಗೆ ಬೆರಳು ತಾಗಿದ್ದಕ್ಕೇ ಚೀರಿತು.

"ಅಕ್ಕ, ಇದು ಮನೇಲಿ ಇಟ್ಕೊಳ್ಳೋ ನೋವಲ್ಲ. ನಡಿ, ಆಸ್ಪತ್ರೆಗೆ ಹೋಗೋಣ."

ಅಕ್ಕ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಊರವರಿಗೆಲ್ಲ ಇಡೋ ಕೈ ನನ್ನ ಮಗಳಿಗೆ ಇಡೋಕೆ ಭಾರನಾ?"

"ನಾನು ಏನೂ ಅಲ್ಲ ಅಂತ ನಿನಗೂ ಹೇಳಬೇಕಾ?"

"ನನಗೆ ಅವಳೊಬ್ಬಳೇ ಇರೋದು. ಇಡು. ನಾನು ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಹಿಟ್ಟಕ್ಕ ಮಂಚದ ಅಂಚಿಗೆ ಕೂತು ಗುಬ್ಬಿಯ ಹೊಟ್ಟೆಯ ಮೇಲೆ ಎರಡೂ ಅಂಗೈ ಮೆಲ್ಲಗೆ ಇಟ್ಟಳು. ಸ್ವಲ್ಪ ಹೊತ್ತು ಇಟ್ಟ ಹಾಗೆ ಮಾಡಿ, ಅಕ್ಕನನ್ನು ಸಮಾಧಾನಪಡಿಸಿ, ಆಮೇಲೆ ಹೊರಡಿಸುವುದೆಂದು ಲೆಕ್ಕ ಹಾಕಿದ್ದಳು. ಹುಡುಗಿ ನರಳುತ್ತಲೇ ಇತ್ತು. ಅಕ್ಕನ ತುಟಿ ಏನನ್ನೋ ಪಿಟಿಪಿಟಿ ಎನ್ನುತ್ತಿತ್ತು. ಕೆಳಗಿನ ಒಲೆಯ ಕಾವು ನೆಲದಿಂದ ಏರಿ ಕೋಣೆ ಉಸಿರು ಕಟ್ಟುವಂತಾಯಿತು.

ಇನ್ನು ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಗುಬ್ಬಿ ಒಮ್ಮೆ ಜೋರಾಗಿ ಕಿರುಚಿ ಸುಮ್ಮನಾಯಿತು. ಬಿಗಿದ ಮಂಡಿ ಸಡಿಲಿತು.

"ಚಿಕ್ಕಿ... ನೋವು ಹೋಯ್ತು."

ಅಕ್ಕ ಕುಸಿದು ಕೂತು ಗೊಳೋ ಎಂದು ಅತ್ತಳು. ಮರುಗಳಿಗೆ ಎದ್ದು ಕಿಟಕಿ ತೆರೆದು ಬೀದಿಗೆ ಕೂಗಿದಳು, "ನನ್ನ ಮಗಳು ಉಳಿದ್ಲು! ನನ್ನ ತಂಗಿ ಮುಟ್ಟಿದ್ಲು, ನೋವು ಹೋಯ್ತು!" ಬೇಕರಿಯ ಮುಂದೆ ನಿಂತಿದ್ದವರು ದಡದಡನೆ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.

ಹಿಟ್ಟಕ್ಕ ತನ್ನ ಅಂಗೈ ನೋಡಿಕೊಂಡಳು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳೂ ನಂಬಿದಳು. ಮೈಯೆಲ್ಲ ಜುಮ್ಮೆಂದಿತು. ಇಷ್ಟು ದಿನ ಸುಳ್ಳು ಹೇಳುತ್ತಿದ್ದವಳು ತಾನೇ ಇರಬಹುದೇ?

ಆಮೇಲೆ ಮತ್ತೆ ಹೊಟ್ಟೆ ಮುಟ್ಟಿದಳು. ನೋವು ಹೋದ ಹೊಟ್ಟೆ ಮೆತ್ತಗಾಗಬೇಕಿತ್ತಲ್ಲ! ಇದು ಹಲಗೆಯಾಗಿತ್ತು. ಉಸಿರಾಡಿದರೆ ಏಳುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಗುಬ್ಬಿಯ ಮೇಲ್ದುಟಿಯ ಮೇಲೆ ತಣ್ಣನೆಯ ಬೆವರು ಸಾಲುಗಟ್ಟಿತ್ತು. ಹಿಟ್ಟಕ್ಕ ಹೊದಿಕೆಯ ಸಮೇತ ಹುಡುಗಿಯನ್ನು ಬಾಚಿ ಎತ್ತಿಕೊಂಡಳು.

"ಎಲ್ಲಿಗೆ?" ಅಕ್ಕ ಬಾಗಿಲಿಗೆ ಅಡ್ಡ ಬಂದಳು.

"ಆಸ್ಪತ್ರೆಗೆ."

"ನೋವು ಹೋದಮೇಲೆ ಆಸ್ಪತ್ರೆ ಯಾಕೆ? ನಿನಗೇನು ಹುಚ್ಚಾ? ಅವಳಪ್ಪನ್ನ ನುಂಗಿದ್ದು ಸಾಲದಾ ಅದಕ್ಕೆ?"

"ನೋವು ಯಾಕೆ ಹೋಯ್ತು ಅಂತ ನನಗೆ ಗೊತ್ತಿಲ್ಲ ಅಕ್ಕ! ನನಗೆ ಏನೂ ಗೊತ್ತಿಲ್ಲ. ಅದಕ್ಕೇ ಹೋಗ್ತಿರೋದು. ದಾರಿ ಬಿಡು."

"ಬಿಡಲ್ಲ."

ಹಿಟ್ಟಕ್ಕ ಹುಟ್ಟಿದ ಮೇಲೆ ಮೊದಲ ಸಲ ಅಕ್ಕನನ್ನು ಭುಜದಿಂದ ತಳ್ಳಿದಳು. ಅಕ್ಕ ಹೊಲಿಗೆ ಯಂತ್ರಕ್ಕೆ ತಾಗಿ ಬಿದ್ದಳು. ಬಿದ್ದವಳನ್ನು ತಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ಹಿಟ್ಟಕ್ಕ ನೋಡಲೇ ಇಲ್ಲ.

ಮೆಟ್ಟಿಲ ತುಂಬ ಜನ. "ಅಮ್ಮಾ, ನನ್ನನ್ನೂ ಒಂದು ಸಲ ಮುಟ್ಟಿ", "ನನ್ನ ಮಂಡಿ ನೋಡಿ ತಾಯಿ" ಎಂದು ಕೈಗಳು ಅವಳ ತೋಳನ್ನೂ ಸೆರಗನ್ನೂ ಜಗ್ಗಿದವು. ಯಾರೋ ಅವಳ ಬೆರಳನ್ನೇ ಹಿಡಿದುಕೊಂಡರು. ತೋಳಲ್ಲಿದ್ದ ಹುಡುಗಿಯ ತಲೆ ಹಿಂದಕ್ಕೆ ಜೋತುಬಿತ್ತು.

"ಬಿಡ್ರೋ! ಮಗು ಸಾಯ್ತಿದೆ!"

ಆ ದನಿಗೆ ಜನ ಗೋಡೆಗೆ ಅಂಟಿಕೊಂಡರು. ಆದರೂ ಹಿಂದಿನಿಂದ ಒಬ್ಬಳು, "ಹಾಗಾದ್ರೆ ವಾಸಿ ಆಗಿದ್ದು ಸುಳ್ಳಾ?" ಎಂದು ಕೇಳಿಯೇ ಕೇಳಿದಳು.

ಯಜಮಾನ ಬ್ರೆಡ್ ಸಾಗಿಸುವ ವ್ಯಾನಿನಿಂದ ಟ್ರೇ ಇಳಿಸುತ್ತಿದ್ದ. ಹುಡುಗಿಯ ಮುಖ ಕಂಡವನೇ ಟ್ರೇಯನ್ನು ನೆಲಕ್ಕೆ ಕುಕ್ಕಿ, ಇಬ್ಬರನ್ನೂ ಹತ್ತಿಸಿಕೊಂಡು ವ್ಯಾನು ಚಾಲೂ ಮಾಡಿದ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಅಕ್ಕ ಹತ್ತಿದಳು. ಮಗಳ ಪಾದವನ್ನು ಮಡಿಲಿಗೆ ಎಳೆದುಕೊಂಡು ಕೂತಳು. ದೊಡ್ಡ ರಸ್ತೆಯಲ್ಲಿ ವಾಹನಗಳು ಒಂದರ ಬಾಲಕ್ಕೊಂದು ನಿಂತಿದ್ದವು. ಯಜಮಾನ ಹಾರ್ನ್ ಒತ್ತಿದ್ದನ್ನು ಬಿಡಲೇ ಇಲ್ಲ. ಕೇಳಿದ್ದಕ್ಕೆಲ್ಲ ಗುಬ್ಬಿ ಮೊದಲು ಹೂಂ ಎನ್ನುತ್ತಿತ್ತು, ಆಮೇಲೆ ಅದನ್ನೂ ನಿಲ್ಲಿಸಿತು.

ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಬೆರಳಿಟ್ಟು ತಕ್ಷಣ ತೆಗೆದರು. "ನೋವು ಇದ್ದಕ್ಕಿದ್ದ ಹಾಗೆ ಕಮ್ಮಿ ಆಯ್ತಾ?"

"ಹೂಂ. ನಾನು ಕೈ ಇಟ್ಟಿದ್ದಾಗ."

"ಅಪೆಂಡಿಕ್ಸ್ ಒಡೆದಿದೆ. ಒಡೆದಾಗ ಸ್ವಲ್ಪ ಹೊತ್ತು ಹಾಗೆ ಅನಿಸುತ್ತೆ. ಆ ಆರಾಮವನ್ನ ನಂಬಿ ಮನೇಲೇ ಕೂತಿದ್ರೆ ಕಷ್ಟ ಇತ್ತು." ಅಷ್ಟು ಹೇಳಿ ಅವರು ಸ್ಟ್ರೆಚರಿನ ಹಿಂದೆಯೇ ನಡೆದರು.

ಕಾರಿಡಾರಿನ ಬೆಂಚಿನ ಆ ತುದಿಯಲ್ಲಿ ಅಕ್ಕ, ಈ ತುದಿಯಲ್ಲಿ ತಂಗಿ. ಆಪರೇಷನ್ ಕೋಣೆಯ ಬಾಗಿಲು ಅಲುಗಾಡಿದಾಗಲೆಲ್ಲ ಇಬ್ಬರೂ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ಹಿಟ್ಟಕ್ಕನ ಬೆರಳ ಸಂದಿಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ಬಾಗಿಲಿಗೆ ಅಡ್ಡ ನಿಂತೆ ನಾನು" ಎಂದಳು ಅಕ್ಕ, ನೆಲ ನೋಡುತ್ತಾ.

"ನಾನೂ ನಂಬಿದೆ ಅಕ್ಕ. ಅವಳು ನೋವು ಹೋಯ್ತು ಅಂದಾಗ ನನಗೂ ಹಾಗೇ ಅನಿಸ್ತು. ಇನ್ನೊಂಚೂರು ಹೊತ್ತು ನಂಬಿದ್ದಿದ್ರೆ..."

ಅಕ್ಕ ಬೆಂಚಿನ ಮೇಲೆ ಸರಿದು ಬಂದಳು. ಯಂತ್ರಕ್ಕೆ ತಾಗಿದ ಮೊಣಕೈ ಊದಿಕೊಂಡಿತ್ತು. ಅದನ್ನು ಕಂಡು ಹಿಟ್ಟಕ್ಕ ಕೈ ಚಾಚಿದಳು, ಚಾಚಿದ್ದನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು.

ಗುಬ್ಬಿ ಉಳಿಯಿತು. ಸುಲಭಕ್ಕೆ ಉಳಿಯಲಿಲ್ಲ. ಕೀವು ತುಂಬಿ, ಜ್ವರ ಏರಿ, ಮತ್ತೊಮ್ಮೆ ಕತ್ತರಿಸಬೇಕಾಯಿತು. ಮನೆಗೆ ಬಂದಾಗ ಕಡ್ಡಿಗೆ ಅಂಗಿ ತೊಡಿಸಿದಂತಿತ್ತು. ಪೋಸ್ಟರನ್ನು ಯಜಮಾನ ಯಾರೂ ಹೇಳದೆಯೇ ಕೆರೆದು ತೆಗೆದಿದ್ದ.

ಜನ ಬರುವುದೇನೋ ಕಡಿಮೆಯಾಯಿತು, ನಿಲ್ಲಲಿಲ್ಲ. ಅಕ್ಕ ಈಗ ಹೊಲಿಗೆ ಯಂತ್ರವನ್ನು ಮೆಟ್ಟಿಲ ಬುಡಕ್ಕೆ ಇಳಿಸಿಕೊಂಡು ಕೂರುತ್ತಾಳೆ. ಹತ್ತಲು ಬಂದವರನ್ನು ಹೊಲಿಗೆ ನಿಲ್ಲಿಸದೆಯೇ ತಡೆಯುತ್ತಾಳೆ, "ಡಾಕ್ಟರ್ ಹತ್ರ ಹೋಗಿದ್ರಾ? ಇಲ್ವಾ? ಮೊದಲು ಅಲ್ಲಿ ಹೋಗಿ, ಆಮೇಲೆ ಬನ್ನಿ."

"ಆಮೇಲೆ ಬನ್ನಿ ಅಂತ ಯಾಕೆ ಹೇಳ್ತೀಯ? ಬರಲೇಬೇಡಿ ಅನ್ನು" ಎಂದು ಹಿಟ್ಟಕ್ಕ ಒಳಗಿನಿಂದ ಸಿಡುಕುತ್ತಾಳೆ.

"ನಿನ್ನ ಕೈ ನಿನ್ನದು, ನನ್ನ ಬಾಯಿ ನನ್ನದು" ಎನ್ನುತ್ತಾಳೆ ಅಕ್ಕ. ಗುಬ್ಬಿ ಹೊಲಿಗೆಯ ಗಾಯ ಒತ್ತಿ ಹಿಡಿದುಕೊಂಡು ನಗುತ್ತದೆ, ನಕ್ಕರೆ ಇನ್ನೂ ಸ್ವಲ್ಪ ನೋಯುತ್ತದಂತೆ.