ತಾಡಪತ್ರಿಯ ಕೆಳಗೆ

ಹಲವು ವರ್ಷ ನನ್ನ ವಿದ್ಯಾರ್ಥಿಗಳಿಗೆ ಒಂದು ಕಥೆ ಹೇಳುತ್ತಿದ್ದೆ. ದಾಂಡೇಲಿಯ ಹೊಸ ಅಂಗಡಿಯೊಂದರಲ್ಲಿ ಕೊಂಡ ಪ್ಲಾಸ್ಟಿಕ್ ಹಾಳೆ ಸೋರಿ, ಜೊಯಿಡಾ ಕಾಡಿನಿಂದ ತಂದ ಗಿಡಗಳೆಲ್ಲ ಹಾಳಾದವು, ನನ್ನ ಎಂ.ಎಸ್ಸಿ. ಒಂದು ವರ್ಷ ತಡವಾಯಿತು ಎಂದು. ಹಳೆಯ ಅಂಗಡಿಗಳು ಪ್ರಾಮಾಣಿಕ, ಹೊಸವು ಮೋಸ ಎಂಬ ನೀತಿಯನ್ನೂ ಅದರ ಕೊನೆಗೆ ಅಂಟಿಸುತ್ತಿದ್ದೆ. ಈಚೆಗೆ ಆ ಕಾಲದ ಡೈರಿ ಸಿಕ್ಕಿತು. ಅದರಲ್ಲಿ ಕಥೆ ಹಾಗಿಲ್ಲ.

ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು, ನಾನು ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಎಪ್ಪತ್ತರ ದಶಕದಲ್ಲಿ ಕಾಡಿಗೆ ಹೋಗುವವರೆಂದರೆ ಬಿದಿರು ಕಡಿಯುವವರು, ಲಾರಿಯವರು, ಫಾರೆಸ್ಟ್ ಗಾರ್ಡುಗಳು. ಅವರಿಗೆ ಬೇಕಾದದ್ದೆಲ್ಲ ಒಬ್ಬ ಮುದುಕರ ಅಂಗಡಿಯಲ್ಲಿ ಸಿಗುತ್ತಿತ್ತು. ಊರಿಗೆಲ್ಲ ಅವರು ಚಾಚಾ. ಅಂಗಡಿಗೆ ಬೋರ್ಡಿರಲಿಲ್ಲ. ಹಗ್ಗ, ಕಂದೀಲು, ಗಮ್ ಬೂಟು, ಕಂಬಳಿ ಸೂರಿನಿಂದ ತೂಗುತ್ತಿದ್ದವು. ಮಳೆಗೆ ಹೊದಿಸುವ ದಪ್ಪ ಬಟ್ಟೆಯ ತಾಡಪತ್ರಿಯ ಮೇಣದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಆ ತಾಡಪತ್ರಿ ಕೊಳ್ಳುವವನು ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ನಿಂತವರು ನಾಲ್ಕು ಮೂಲೆ ಹಿಡಿಯುತ್ತಿದ್ದರು, ಚಾಚಾ ಮೇಲಿಂದ ಒಂದು ಕೊಡ ನೀರು ಸುರಿಯುತ್ತಿದ್ದರು. ಕೆಳಗಿದ್ದವನು ತೊಯ್ಯದಿದ್ದರೆ ವ್ಯಾಪಾರ. ತೊಯ್ದರೆ ಬೀದಿಗೆಲ್ಲ ನಗು.

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನಾನು, ಮೊದಲ ಮಳೆಗಷ್ಟೇ ಹೂ ಬಿಡುವ ಗಿಡಗಳನ್ನು ತರಲು ಹೊರಟಿದ್ದೆ. ಆ ವರ್ಷದ ನನ್ನ ಪ್ರಬಂಧವೆಲ್ಲ ಆ ಗಿಡಗಳ ಮೇಲೆ ನಿಂತಿತ್ತು. ಚಾಚಾ ಎಲ್ಲರನ್ನೂ ಕೇಳುವುದನ್ನೇ ನನ್ನನ್ನೂ ಕೇಳಿದರು.

“ಯಾವ ಕಾಡು? ಎಷ್ಟು ದಿನ?”

“ಜೊಯಿಡಾ ಕಡೆ ಚಾಚಾ, ಎಂಟು ದಿನ. ಗಿಡ ತರಾಕ ಹೊಂಟೇನಿ, ಅವಕ್ಕ ಮಳಿ ತಾಕಬಾರದು.”

“ಅರೆ, ಮಳ್ಯಾಗ ಹುಟ್ಟಿದ ಗಿಡಕ್ಕ ಮಳಿ ಅಂದ್ರ ಅಂಜಿಕೇನು? ಕುಂಡ್ರು, ನೀರು ಹಾಕಿ ತೋರಸ್ತೇನಿ.”

ಲಾರಿಯವರು ಆಗಲೇ ಮೂಲೆ ಹಿಡಿದಿದ್ದರು. “ಕಾಲೇಜ್ ಸಾಹೇಬ್ರಿಗೆ ಚಲೋತ್ನಾಗಿ ಜಳಕ ಆಗಲಿ ಚಾಚಾ!” ಎಂದ ಒಬ್ಬ.

ಡೈರಿಯಲ್ಲಿ ಇಷ್ಟೇ ಇದೆ: “ತಾಡಪತ್ರಿ ಬಹಳ ಭಾರ. ಕೊಳ್ಳಲಿಲ್ಲ.” ಅದು ಭಾರವಿದ್ದದ್ದು ನಿಜ. ಆದರೆ ನಾನು ಹೊತ್ತು ನೋಡಿರಲೇ ಇಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಅಷ್ಟು ಜನರೆದುರು ಕುಕ್ಕರಿಸಲು ನಾಚಿಕೆಯಾಗಿತ್ತು ಎಂಬುದನ್ನು ಡೈರಿಗೂ ಹೇಳಿರಲಿಲ್ಲ.

ಎದುರಿಗೆ ಹೊಸ ಅಂಗಡಿ ತೆರೆದಿತ್ತು. ಗಾಜಿನ ಕಪಾಟು, ಟ್ಯೂಬ್‌ಲೈಟು, ಜೊಯಿಡಾ ಕಡೆಯ ರಾಮನಗರದ ದಾರಿಯಲ್ಲಿ ಗೋವಾದಿಂದ ಬಂದ ನೈಲಾನ್ ಚೀಲ, ರೇನ್‌ಕೋಟು. ಎಲ್ಲವೂ ಪ್ಯಾಕೆಟ್ಟಿನೊಳಗೆ. ಯಾವ ಕಾಡು ಎಂದು ಯಾರೂ ಕೇಳಲಿಲ್ಲ. “ಪ್ಯಾಕೆಟ್ ಒಡದು ತೋರಸಂಗಿಲ್ರಿ,” ಎಂದ ನನ್ನದೇ ವಯಸ್ಸಿನ ಮಾಲಕ. ನನಗೂ ಅದೇ ಬೇಕಿತ್ತು. ಹಗುರಾದ ನೀಲಿ ಹಾಳೆಯೊಂದನ್ನು ಕೊಂಡು ಬಸ್ಸು ಹತ್ತಿದೆ.

ಕಾಡಿನಲ್ಲಿ ದಾರಿ ತೋರಿಸಿ, ತಮ್ಮ ಮನೆಯಲ್ಲೇ ಇರಿಸಿಕೊಂಡವರು ಜೊಯಿಡಾ ಹತ್ತಿರದ ಒಬ್ಬ ಸಿದ್ದಿ ರೈತ. ಅಣ್ಣಾ ಎಂದು ಕರೆಯುತ್ತಿದ್ದೆ. ಗಿಡಗಳನ್ನು ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಎರಡು ಹಲಗೆಗಳಲ್ಲಿ ಬಿಗಿದು, ನೀಲಿ ಹಾಳೆಯಲ್ಲಿ ಸುತ್ತಿಡುತ್ತಿದ್ದೆ. ದಿನವೂ ಕಾಗದ ಬದಲಿಸಿ ಒಣಗಿಸಬೇಕೆಂದು ಓದಿಯೂ ಇದ್ದೆ.

“ತಮ್ಮಾ, ಒಲಿ ಮುಂದ ಬಿಚ್ಚಿಡು. ಹಸಿ ಐತಿ ಅದು,” ಎಂದರು ಅಣ್ಣ, ಒಮ್ಮೆಯಲ್ಲ, ಮೂರು ದಿನ.

“ಇರಲಿ ಬಿಡಣ್ಣಾ, ಪ್ಲಾಸ್ಟಿಕ್ ಐತಲ್ಲ.”

ನಾಲ್ಕು ದಿನ ಕಟ್ಟು ಬಿಚ್ಚಲಿಲ್ಲ. ಬಿಚ್ಚಿದಾಗ ಹೂಗಳ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಅಷ್ಟರಲ್ಲಿ ಕಾಡಿನ ಹೂವೂ ಉದುರಿತ್ತು. ಅಣ್ಣ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟರು.

ದಾಂಡೇಲಿಗೆ ಬಂದವನೇ ಹೊಸ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಕೂಗಾಡಿದೆ. ಮಾಲಕ ಹಾಳೆ ಕಸಿದುಕೊಂಡು ಹೊರಗೆ ಬಂದ.

“ಸೋರಿದ್ರ ಇವತ್ತ ಅಂಗಡಿ ಮುಚ್ಚತೇನ್ರಿ. ಕುಂಡ್ರಿ ಕೆಳಗ!”

ಸಿಟ್ಟಿನಲ್ಲಿ ಕೂತೇಬಿಟ್ಟೆ. ಯಾರೋ ಮೂಲೆ ಹಿಡಿದರು, ಮೇಲೆ ನೀರು ಧಬಧಬ ಬಿತ್ತು. ಡೈರಿಯಲ್ಲಿದೆ: “ಒಂದು ಹನಿಯೂ ಒಳಗೆ ಬರಲಿಲ್ಲ.”

ಚಾಚಾ ರಸ್ತೆ ದಾಟಿ ಬಂದು, ಬಗ್ಗಿ, ನನ್ನ ಮುಖ ನೋಡಿದರು. “ನನ್ನ ಕಡೆ ಕುಂಡ್ರಾಕ ಶರಮ್ ಬಂತು, ಇಲ್ಲಿ ಹೆಂಗ ಕುಂತೀದಿ ನೋಡು! ಮಳಿ ಒಳಗ ಬಂದಿಲ್ಲೋ ಬೇಟಾ. ಗಿಡದ ಹಸಿ ನೀನ ಕಟ್ಟಿಟ್ಟೀದಿ.”

ಈ ಮಾತು ಡೈರಿಯಲ್ಲಿಲ್ಲ. ಅವರ ದನಿಯಲ್ಲೇ ಕೇಳಿಸುತ್ತದೆ, ಆದರೂ ಖಚಿತವಾಗಿ ಹೇಳಲಾರೆ. ಸೋರದ ಹಾಳೆಯನ್ನು ಇಷ್ಟು ವರ್ಷ ಸೋರಿಸಿದ ನೆನಪು ಇದೇ ತಾನೆ.

ಎಂಬತ್ತರ ದಶಕದ ನಡುವೆ ಚಾಚಾರ ಸೂರಿನಲ್ಲೂ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬಂದ ಜಾಕೀಟು, ಬೆನ್ನಿಗೆ ಹಾಕುವ ಬಣ್ಣದ ಚೀಲಗಳು ತೂಗತೊಡಗಿದವು. ಕೊಳ್ಳುವವರು ಕಾಡು ನೋಡಲು ಬಂದ ಹುಬ್ಬಳ್ಳಿಯ ಕಾಲೇಜು ಹುಡುಗರು. ಅವರೂ ನನ್ನ ಹಾಗೆ ಪ್ಯಾಕೆಟ್ಟನ್ನೇ ಕೇಳುತ್ತಿದ್ದರು. ನೀರಿನ ಕೊಡ ಒಳಗೆ ಹೋಯಿತು. ಚಾಚಾ ಮಾತ್ರ ಪ್ಯಾಕೆಟ್ಟು ಕೊಡುವಾಗಲೂ ಯಾವ ಕಾಡು, ಎಷ್ಟು ದಿನ ಎಂದು ಕೇಳುವುದನ್ನು ಬಿಡಲಿಲ್ಲ.

ಡೈರಿಯ ಇನ್ನೊಂದು ಸಾಲನ್ನೂ ನಾನು ತರಗತಿಯಲ್ಲಿ ಹೇಳಿದವನಲ್ಲ. ಮುಂದಿನ ಮಳೆಗಾಲ ಅದೇ ಅಣ್ಣನ ಮನೆಗೆ ಹೋದೆ, ಸಂಜೆ ಸಂಜೆ ಕಟ್ಟು ಬಿಚ್ಚಿ ಒಲೆಯ ಮುಂದೆ ಕಾಗದ ಒಣಗಿಸಿದೆ, ಗಿಡಗಳು ಚೆನ್ನಾಗಿ ಬಂದವು. ಹೊರಗೆ ಸುತ್ತಿದ್ದು ಅದೇ ನೀಲಿ ಹಾಳೆ.