ಗುಳಿಗೆ ತಂದ ಹಸಿವು

ನಾಯಿಯ ಕಣ್ಣಿನ ಬಿಳಿ ಹಳದಿಯಾಗಿದ್ದನ್ನು ಮೊದಲು ನೋಡಿದವನು ಅಣ್ಣ. ಎಸ್.ಎಸ್. ಬಡಾವಣೆಯ ಮನೆಯಲ್ಲಿ ನಾವಿಬ್ಬರೇ. ಅವನು ಮದುವೆಯಾಗಲಿಲ್ಲ, ನಾನು ಆಗಿ ವಾಪಸು ಬಂದವಳು. ಊರಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಅವನದೊಂದು ಲೇತ್ ವರ್ಕ್‌ಶಾಪ್. ಅಲ್ಲಿ ತಗಡಿನ ರಾಶಿಯ ಕೆಳಗೆ ಸಿಕ್ಕ ಮರಿಯನ್ನು ಅಂಗಿಯೊಳಗೆ ಹುದುಗಿಸಿಕೊಂಡು ತಂದಿದ್ದ. ಅದಕ್ಕೀಗ ಮುಪ್ಪು. ತಿರುವಿನಲ್ಲಿ ಅವನ ಸ್ಕೂಟರ್ ಸದ್ದು ಕೇಳಿದರೆ ಸಾಕು, ಗೇಟಿಗೆ ಮೂಗು ತೂರಿಸಿ ನಿಲ್ಲುತ್ತಿತ್ತು.

ಹರಿಹರದ ಪಶುವೈದ್ಯರಿಗೆ ತೋರಿಸಿದೆವು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿ, ಲಿವರ್ ಊದಿಕೊಂಡಿದೆ ಎಂದು ಸ್ಟೀರಾಯ್ಡ್ ಗುಳಿಗೆ ಬರೆದರು.

"ಹಸಿವು, ನೀರಡಿಕೆ ಜಾಸ್ತಿ ಆಗ್ತಾವ. ಸಿಟ್ಟೂ ಬರಬಹುದು, ಹುಷಾರಾಗಿರ್ರಿ."

ಅಣ್ಣ ನಕ್ಕ. "ಇದಕ್ಕ ಸಿಟ್ಟಾ? ಬೆಕ್ಕಿಗೆ ಹೆದರ್ತೈತ್ರಿ ಇದು."

ಕಣ್ಣೇನೋ ತಿಳಿಯಾಗುತ್ತ ಬಂತು. ಹಸಿವು ಮಾತ್ರ ಹುಚ್ಚು ಹಿಡಿದಂತೆ ಏರಿತು. ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿದು ಹಜಾರದ ತುಂಬ ಉಚ್ಚೆ ಹೊಯ್ಯುತ್ತಿತ್ತು. ಸೋಪು ತಿಂದಿತು, ಕಸದ ಬುಟ್ಟಿ ಸೀಳಿ ತೆಂಗಿನ ನಾರು ತಿಂದಿತು. ಒಂದು ದಿನ ಬೀದಿನಾಯಿಯ ಬಾಯಿಂದ ಬ್ರೆಡ್ ಕಿತ್ತುಕೊಳ್ಳಲು ಹೋಗಿ ಅದರ ಕಿವಿಯನ್ನೇ ಹರಿಯಿತು. ಮೂತಿಗೆ ರಕ್ತ ಮೆತ್ತಿಕೊಂಡು ಬಂದು ನನ್ನೆದುರು ಅನ್ನಕ್ಕೆ ನಿಂತಿತು.

ಆ ವಾರವೇ, ಭಾನುವಾರ ಬೆಳಿಗ್ಗೆ, ಅಣ್ಣ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ನಾಯಿ ತಟ್ಟೆಗೆ ಹಾರಿತು. ಅವನು ಅದರ ಕೊರಳ ಬೆಲ್ಟ್ ಹಿಡಿದು ಹಿಂದಕ್ಕೆಳೆದ. ಅದು ಗಕ್ಕನೆ ತಿರುಗಿ ಅವನ ಬಲಗೈ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕಿತು. ಕಚ್ಚಿದ್ದನ್ನು ಬಿಡಲಿಲ್ಲ, ತಲೆ ಕೊಡವಿತು. ಮಾಂಸ ಹರಿದ ಸದ್ದು ನನಗೆ ಕೇಳಿಸಿತು. ಅಣ್ಣ ಕೂಗಿಕೊಂಡು ಎಡಗೈ ಮುಷ್ಟಿಯಿಂದ ಅದರ ಕಣ್ಣು, ಮೂಗು ನೋಡದೆ ಗುದ್ದಿದ. ನಾನು ಕೊಡದ ನೀರನ್ನು ಅದರ ಮುಖಕ್ಕೆ ಸುರಿದಾಗ ಬಾಯಿ ಸಡಿಲಿಸಿ ಮಂಚದ ಕೆಳಗೆ ನುಗ್ಗಿತು.

ಅಷ್ಟಕ್ಕೇ ನಿಲ್ಲಬಹುದಿತ್ತು. ಅಣ್ಣ ಬಾಗಿಲ ಹಿಂದಿನ ಕಬ್ಬಿಣದ ರಾಡು ತಂದು ಮಂಚದಡಿಗೆ ತಿವಿಯತೊಡಗಿದ. ಪ್ರತಿ ತಿವಿತಕ್ಕೂ ಒಳಗಿಂದ ಮಗುವಿನಂಥ ಚೀರಾಟ.

"ಬ್ಯಾಡೋ ಅಣ್ಣ, ಸಾಯ್ತೈತೆ!"

"ಸಾಯ್ಲಿ! ಸಾಕಿದ ಕೈನ ಕಚ್ತೈತಲ್ಲ, ಸಾಯ್ಲಿ!"

ರಾಡು ಹಿಡಿದು ಜಗ್ಗಿದೆ. ಅವನು ನೂಕಿದ. ಬಾಗಿಲ ಚೌಕಟ್ಟಿಗೆ ನನ್ನ ಹಣೆ ಬಡಿದು ಒಡೆಯಿತು. ನನ್ನ ಮುಖದ ಮೇಲೆ ರಕ್ತ ಇಳಿಯುವುದನ್ನು ಕಂಡ ಮೇಲಷ್ಟೇ ಅವನು ನಿಂತ. ರಾಡು ಅಲ್ಲೇ ಬಿಸಾಕಿ, ಕೈಗೆ ಟವೆಲ್ ಸುತ್ತಿಕೊಂಡು ಆಸ್ಪತ್ರೆಗೆ ಹೋದ.

ನಾನು ಹಣೆಗೆ ಬಟ್ಟೆ ಕಟ್ಟಿಕೊಂಡು, ನಾಯಿಯ ಮೂತಿಗೆ ವೇಲ್ ಬಿಗಿದು, ಆಟೋದಲ್ಲಿ ಹರಿಹರಕ್ಕೆ ಹೊರಟೆ. ದಾರಿಯಲ್ಲಿ ಬಾತಿ ಊರು ದಾಟುವಾಗ ಅದಕ್ಕೆ ವಾಂತಿ ಒತ್ತರಿಸಿ ಬಂತು. ಕಟ್ಟು ಬಿಚ್ಚದಿದ್ದರೆ ಉಸಿರುಗಟ್ಟುತ್ತದೆ, ಬಿಚ್ಚಿದರೆ ಕಚ್ಚುತ್ತದೆ. ಬಿಚ್ಚಿದೆ. ವಾಂತಿ ಮಾಡಿ, ನನ್ನ ಮಣಿಕಟ್ಟಿಗೂ ಹಲ್ಲು ತಾಗಿಸಿ ಕುಸಿಯಿತು.

ಡಾಕ್ಟರು ಪಕ್ಕೆ ಮುಟ್ಟಿ ನೋಡಿದರು. ಎಲುಬು ಮುರಿದಿತ್ತು.

"ಯಾರ್ ಹೊಡೆದಿದ್ದು?"

"ನಮ್ಮಣ್ಣ ರೀ. ಸಾಕಿದೋನೂ ಅವನೇ."

ಅವರು ತಾವೇ ಬರೆದಿದ್ದ ಹಳೆಯ ಚೀಟಿ ತೆಗೆದು ನೋಡಿದರು. "ಇದು ಗುಳಿಗಿ ಮಾಡಿದ ಕೆಲಸ. ಆದ್ರ ಒಮ್ಮಿಗೇ ನಿಲ್ಲಿಸಬ್ಯಾಡ್ರಿ, ಜೀವಕ್ಕ ಅಪಾಯ ಐತೆ. ನಿಧಾನಕ್ಕ ಇಳಿಸೋಣ. ಸ್ವಲ್ಪ ಸ್ವಲ್ಪನೇ ಪದೇ ಪದೇ ಊಟ ಕೊಡ್ರಿ. ತಿನ್ನುವಾಗ ಹತ್ರ ಹೋಗಬ್ಯಾಡ್ರಿ."

ಅಣ್ಣನಿಗೆ ಫೋನ್ ಮಾಡಿದೆ. "ಅಲ್ಲೇ ಸೂಜಿ ಹಾಕಿಸಿ ಮುಗಿಸ್ಬಿಡು. ಮನಿಗೆ ತರಬ್ಯಾಡ," ಎಂದ.

ನಾನು ಮನೆಗೇ ತಂದೆ. ಅವನು ಗೇಟಿಗೆ ಅಡ್ಡ ನಿಂತಿದ್ದ, ಕೈ ತುಂಬ ಬ್ಯಾಂಡೇಜು.

"ನನ್ನ ಕೈ ನೋಡು," ಎಂದ.

"ನನ್ನ ಹಣಿ ನೋಡು," ಎಂದೆ.

ಅವನು ಪಕ್ಕಕ್ಕೆ ಸರಿದ.

ನಾಯಿಯನ್ನು ಹಿತ್ತಲಲ್ಲಿ ಕಟ್ಟಿದೆ. ಮಾತ್ರೆಯ ಪ್ರಮಾಣ ಇಳಿದಂತೆ ಸಿಟ್ಟೂ ಇಳಿಯಿತು, ಆದರೆ ಸ್ಕೂಟರ್ ಸದ್ದಾದರೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿ ನಡುಗುತ್ತಿತ್ತು. ಅಣ್ಣ ಕೆಲವೊಮ್ಮೆ ತಾನೇ ಅನ್ನ ಕಲಸಿ ಇಟ್ಟು ದೂರ ನಿಲ್ಲುತ್ತಿದ್ದ. ಅವನು ಒಳಗೆ ಹೋಗುವ ತನಕ ಅದು ಬಾಯಿ ಹಾಕುತ್ತಿರಲಿಲ್ಲ. ಅವನ ಹೆಬ್ಬೆರಳು ಪೂರ್ತಿ ಮಡಚಲು ಆಗಲೇ ಇಲ್ಲ. ವರ್ಕ್‌ಶಾಪಿನವರಿಗೆ ಮಷೀನಿಗೆ ಸಿಕ್ಕಿತೆಂದು ಹೇಳಿದ್ದಾನೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿಯ ಹೊಟ್ಟೆಯಲ್ಲಿ ನೀರು ತುಂಬಿತು. ಹರಿಹರದಲ್ಲಿ ಎರಡು ಸಲ ತೆಗೆಸಿದೆ. ಆಮೇಲೆ ಅದು ಊಟವನ್ನೇ ಬಿಟ್ಟು ನನ್ನ ಕಾಲ ಬಳಿ ಸತ್ತಿತು.

ಅಣ್ಣ ವರ್ಕ್‌ಶಾಪಿನ ಹಿಂದಿನ ಜಾಗದಲ್ಲಿ ಗುಂಡಿ ತೋಡಿದ. ಸನಿಕೆ ಅವನ ಬಲಗೈಯಿಂದ ಜಾರುತ್ತಲೇ ಇತ್ತು, ಆದರೂ ನನಗೆ ಕೊಡಲಿಲ್ಲ. ಮಣ್ಣು ಎಳೆಯುತ್ತ ಕೇಳಿದ: "ಅವತ್ತು ಭಾಳ ನೋವಾಗಿತ್ತೇನು ಅದಕ್ಕ?"

"ಆಗಿತ್ತು," ಎಂದೆ.

ಅವನು ತಲೆಯಾಡಿಸಿ ಉಳಿದ ಮಣ್ಣು ಎಳೆದ.