ಮಿರ್ಚಿ ಕಟ್ಟಿದ ಲೇಖನ

ಬರೆಯುವ ಚಟಕ್ಕೆ ನಾನು ತೆತ್ತದ್ದು ಒಂದು ಎಮ್ಮೆಯ ಪೂರ್ತಿ ಲಾಭ. ಕಾಗದ, ಮಸಿ, ಮಾನ್ವಿಯಿಂದ ರಾಯಚೂರಿನ ಪತ್ರಿಕೆಯವರೆಗೆ ಬಸ್ಸಿನ ಖರ್ಚು ಇವನ್ನೆಲ್ಲ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಅಷ್ಟು ಬಿಡುವುದು ವ್ಯಾಪಾರಸ್ಥನಿಗೆ ಶೋಭೆ. ಎಮ್ಮೆಯದನ್ನು ಮಾತ್ರ ಹೇಳಲೇಬೇಕು.

ಪರರ ದನ ಕಾಯುತ್ತಲೇ ದನದ ವ್ಯಾಪಾರಿಯಾದವನು ನಾನು. ಎಂಬತ್ತನೆಯ ಇಸವಿಯ ಆಚೀಚೆ ನಮ್ಮ ಸಂತೆಗಳಲ್ಲಿ ಬೆಲೆಯನ್ನು ಬಾಯಿಂದ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಮುಗಿಸುತ್ತಿದ್ದೆವು. ಅರ್ಧ ಆಯುಷ್ಯ ಹಾಗೆ ಮುಚ್ಚಿ ಮಾತಾಡಿದವನಿಗೆ, ಒಂದು ಮಾತನ್ನಾದರೂ ಬಯಲಲ್ಲಿ ಆಡಬೇಕೆನಿಸಿತು. ಜನ ಯಾಕೆ ಬರೆಯುತ್ತಾರೆಂಬುದಕ್ಕೆ ದೊಡ್ಡವರು ದೊಡ್ಡ ಕಾರಣ ಕೊಟ್ಟಾರು; ನನ್ನದು ಇಷ್ಟೇ. ಹೆಸರು ಅಚ್ಚಾಗುವ ಆಸೆಯೂ ಇತ್ತು. ಇರಲಿಲ್ಲವೆಂದರೆ ನೀವು ನಂಬಬಾರದು.

ಎಮ್ಮೆ ಕೊಳ್ಳುವವರಿಗೆ ಬುದ್ಧಿಮಾತು ಬರೆದೆ; ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದ ಜೊತೆಗಾರ ವ್ಯಾಪಾರಿ, "ಲೇ, ನಿನ್ನ ಕಾಲ ಮ್ಯಾಲ ನೀನೇ ಕೊಡ್ಲಿ ಹಾಕ್ಕೊಂಡಿ ನೋಡು" ಎಂದ. ನಾನು ನಕ್ಕೆ. ನಮ್ಮ ಕಡೆಯ ಗೂಗಲ್ ಎಂಬ ಊರಿನ ಗುಡಿಯಲ್ಲಿ ಪುರಾಣ ಹೇಳುವವರಿಗೆ ಕೇಳುವವರ ಮುಖವಾದರೂ ಕಾಣುತ್ತದೆ. ಬರೆಯುವವನದು ಗಿರಾಕಿಯನ್ನು ಕಾಣದೆ ಮಾಲು ತೂಗುವ ಕೆಲಸ.

ನನ್ನ ಗಿರಾಕಿ ಕಂಡದ್ದು ದೇವದುರ್ಗದ ಸಂತೆಯಲ್ಲಿ. ಗೂಗಲ್ಲಿನ ಹನುಮವ್ವ ನನ್ನ ಎಮ್ಮೆಯ ಮುಂದೆ ನಿಂತಳು; ಕೂಲಿ ಮಾಡಿ ಕೂಡಿಸಿದ ಹಣ ಸೆರಗಿನ ಗಂಟಿನಲ್ಲಿತ್ತು. ಹಿಂದೆ ಕೊಂಡ ಎಮ್ಮೆ ಮನೆಗೆ ಹೋದದ್ದೇ ಹಾಲು ಬತ್ತಿಸಿತ್ತಂತೆ. ಈ ಸಲವೂ ಮೋಸಹೋದರೆ ಅವಳ ಜನ್ಮದಲ್ಲಿ ಇನ್ನೊಂದು ಎಮ್ಮೆಯಿಲ್ಲ.

"ನನ್ನ ಮುಂದ ಹಿಂಡ್ರಿ" ಎಂದಳು. ಹಿಂಡಿ ತೋರಿಸಿದೆ. ಬೆಲೆಗೆ ವಲ್ಲಿ ಬಿಚ್ಚಿದರೆ, "ಅದು ಹೆಗಲ ಮ್ಯಾಲೇ ಇರ್ಲಿ. ಬಾಯಿಲೆ ಹೇಳ್ರಿ" ಎಂದಳು. ಹೇಳಿದೆ. ಅವಳ ಮುಖದ ಗೆರೆ ಕದಲಲಿಲ್ಲ. ಮೂರರಲ್ಲೊಂದು ಪಾಲು ಮುರಿದು ಕೇಳಿದಳು. ಇದೆಲ್ಲ ನಾನೇ ಬರೆದದ್ದಲ್ಲವೇ ಎನಿಸಿತು.

"ಯಾರು ಕಲಿಸ್ಯಾರವ್ವಾ ಇದನ್ನ?"

ಗಂಟಿನಿಂದ ಒಂದು ಕಾಗದ ತೆಗೆದಳು. ಗಬ್ಬೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ಕಟ್ಟಿಕೊಟ್ಟದ್ದು. ಎಣ್ಣೆ ಕುಡಿದ ನನ್ನ ಲೇಖನ.

"ರಾತ್ರಿ ಸಾಲ್ಯಾಗ ಅಕ್ಷರ ಕಲ್ತೀನ್ರಿ. ಕೂಡಿಸಿ ಕೂಡಿಸಿ ಇಷ್ಟೂ ನಾನೇ ಓದೀನಿ."

"ಅದನ್ನ ಬರದಾವ ನಾನೇವ್ವಾ."

ಎಮ್ಮೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೋಗ್ರೀ ಯಣ್ಣಾ. ಅಷ್ಟು ಶಾಣ್ಯಾ ಇದ್ದಾವ ಸೆಗಣ್ಯಾಗ ನಿಂತು ಎಮ್ಮಿ ಮಾರ್ತಾನೇನ್ರಿ? ಹಾಂಗಂದ್ರ ರೊಕ್ಕ ಹೆಚ್ಚಿಗಿ ಕೊಡ್ತಾಳಂತ ಮಾಡೀರೇನು?"

ಒಳ್ಳೆಯ ದನ ಸಿಕ್ಕರೆ ಬಹಳ ಎಳೆದಾಡಬೇಡಿ, ಮಾರುವವನ ಮನೆಯಲ್ಲೂ ಒಲೆಯಿದೆ ಎಂದು ಲೇಖನದ ಕೆಳಗಿನ ಅರ್ಧದಲ್ಲಿ ಬರೆದಿದ್ದೆ. ಮಿರ್ಚಿಯವನು ಆ ಅರ್ಧವನ್ನು ಹರಿದು ಬೇರೆ ಗಿರಾಕಿಗೆ ಕಟ್ಟಿದ್ದ. ಬಾಯಿಂದ ಹೇಳಿ ನೋಡಿದೆ.

"ಅದು ಇದರಾಗ ಇಲ್ಲ" ಎಂದು ಪಕ್ಕದ ಗೂಟದ ಕಡೆ ಹೊರಳಿದಳು.

ಆ ಗೂಟದ ಎಮ್ಮೆಯ ಹಾಲು ಎಷ್ಟು ಕಡಿಮೆಯೆಂದು ನನಗೆ ಗೊತ್ತಿತ್ತು. ಕೂಗಿ ಕರೆದು, ಅವಳ ಬೆಲೆಗೇ ಹಗ್ಗ ಕೈಗಿತ್ತೆ. ಅವಳು ಬರಿದಾದ ಗಂಟಿನಲ್ಲಿ ಆ ಕಾಗದವನ್ನು ಮತ್ತೆ ಕಟ್ಟಿಕೊಂಡಳು. ಹಣ ನನ್ನ ಕಿಸೆಯಲ್ಲಿದ್ದರೂ, ಎಮ್ಮೆಯ ಹಿಂದೆ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡಿದ್ದು ಆ ಗಂಟನ್ನು.

ನೀವೂ ಬರೆಯುವವರಾದರೆ ನನ್ನ ಮಾತು ಕೇಳಿ. ತಿಳಿದದ್ದನ್ನು ವಲ್ಲಿಯ ಕೆಳಗೆ ಇಟ್ಟುಕೊಳ್ಳಬೇಡಿ; ನಷ್ಟವಾದರೂ ಬರೆಯಿರಿ. ನಿಮಗೆ ಅನುಕೂಲದ ಮಾತೇನಾದರೂ ಇದ್ದರೆ ಮಾತ್ರ ಮೇಲಿನ ಅರ್ಧದಲ್ಲೇ ಹಾಕಿಬಿಡಿ. ಕೆಳಗಿನದು ಯಾರ ಮಿರ್ಚಿಗೆ ಹೋಗುತ್ತದೋ ಹೇಳಲಾಗದು.